ಪುಟ ಅರವತ್ತೊಂದರ ಅಡಿಟಿಪ್ಪಣಿ

ರುವಿಯ ಬೋಳುಗುಡ್ಡಕ್ಕೆ ಬೆನ್ನು ಕೊಟ್ಟ ಮೂರನೇ ಮಹಡಿ.
ಶುಕ್ರವಾರ. ಎ.ಸಿ. ಕೆಮ್ಮುತ್ತಿದೆ.
ಮೇಜಿನ ಮೇಲೆ ರಯ್ಯಾಳ ವರದಿ, ನೂರ ನಲವತ್ತು ಹಾಳೆ,
ಅದರ ಮೇಲೊಂದು ಖರ್ಜೂರದ ಡಬ್ಬಿ.
ಲಂಚವಲ್ಲ ಉಸ್ತಾದ್, ನಮ್ಮ ತೋಟದ್ದು, ಎಂದು ನಕ್ಕಿದ್ದಳು.
ಪಕ್ಕದಲ್ಲಿ ನಾನು ತುಂಬಬೇಕಾದ ನಮೂನೆ:
ಹತ್ತು ಅಂಶ, ಅಂಶಕ್ಕೆ ಹತ್ತು ಅಂಕ.

ಬೇಸಿಗೆಯ ನಡುಹಗಲಲ್ಲಿ ಬಯಲ ಕೆಲಸ ನಿಲ್ಲಬೇಕೆಂಬ ನಿಯಮ
ಕಾಗದದಿಂದಿಳಿದು ಕಾಂಕ್ರೀಟಿನ ತನಕ ನಡೆಯಿತೇ?
ಒಳ್ಳೆಯ ಪ್ರಶ್ನೆ. ಎಂಟು ಕೊಟ್ಟೆ.
ಭಾಷೆ: ಸ್ವಲ್ಪ ಸಿಟ್ಟು ಹೆಚ್ಚು. ಏಳು.
(ಸಿಟ್ಟಿಗೆ ಅಂಕ ಕಳೆಯುವುದನ್ನು ನಾನು ಯಾವಾಗ ಕಲಿತೆ?)
ಕ್ಷೇತ್ರಕಾರ್ಯ: ವಾದಿ ಕಬೀರಿನ ಕ್ಯಾಂಪು, ಘಲಾದ ಗೋದಾಮು,
ಬಾಗಿಲು ಹಾಕಿದ ಕಂಪನಿಯೊಂದರ ಹಾಜರಿ ಪುಸ್ತಕ,
ಗುಜರಿಯವನಿಗೆ ಎರಡು ರಿಯಾಲು ಕೊಟ್ಟು ತಂದದ್ದು.
ಒಂಬತ್ತು. ಇಷ್ಟು ಚಪ್ಪಲಿ ಸವೆಸಿದವರನ್ನು ನಾನು ಕಂಡಿಲ್ಲ.

ಪುಟ ಅರವತ್ತೊಂದರಲ್ಲಿ ಆ ಪುಸ್ತಕದ ಫೋಟೋ.
ಎಡಕ್ಕೆ ಹೆಸರು: ಸೊಹ್ರಾಬ್ ಮಿಯಾ, ಯಲ್ಲಯ್ಯ, ಬಚನ್ ಸಿಂಗ್.
ನಡುವಿನ ಕಾಲಮುಗಳಲ್ಲಿ ಇಂಗ್ಲಿಷ್ ಅಂಕಿ, ಕಾಪಿ ಬರೆದಷ್ಟು ನೀಟು:
ಹನ್ನೆರಡೂವರೆಗೆ ಬಿಡುವು, ಮೂರೂವರೆಗೆ ಮತ್ತೆ ಕೆಲಸ.
ಜೂನ್, ಜುಲೈ, ಆಗಸ್ಟ್. ಒಬ್ಬನೂ ಒಂದು ನಿಮಿಷ ತಪ್ಪಿಲ್ಲ.
ಬಲ ಅಂಚಿನಲ್ಲಿ ಪೆನ್ಸಿಲಿನ ಗೀಚು.
ಅದಕ್ಕೆ ಅವಳ ಅಡಿಟಿಪ್ಪಣಿ:
ಅರ್ಥವಾಗದ ಗುರುತುಗಳು. ಪೆನ್ಸಿಲ್ ಮೊನೆ ನೋಡಲು ಎಳೆದದ್ದಿರಬಹುದು.

ಕನ್ನಡಕ ಒರೆಸಿದೆ. ಮತ್ತೆ ಒರೆಸಿದೆ.

೧॥
೨।
೧॥।
೩

ಒಂದೂವರೆ. ಎರಡೂಕಾಲು. ಒಂದೂಮುಕ್ಕಾಲು.
ಮೂರರ ಬಾಲವನ್ನು ಅಷ್ಟುದ್ದ ಎಳೆಯುವ ಕೈ
ನನ್ನದೇ.

ಹಳೆಯಂಗಡಿಯಲ್ಲಿ ಅಮ್ಮ ಬೀಡಿ ಕಟ್ಟುತ್ತಿದ್ದಳು.
ಬ್ರಾಂಚಿನವನು ಪುಸ್ತಕದಲ್ಲಿ ಬರೆದುಕೊಡುವ ಲೆಕ್ಕ ಒಂದು.
ಅಡಿಗೆಕೋಣೆಯ ಗೋಡೆಗೆ ಮಸಿತುಂಡಿನಲ್ಲಿ
ಅವಳು ಗೀರಿಡುತ್ತಿದ್ದದ್ದು ಇನ್ನೊಂದು,
ಕಾಲಿಗೆ ಒಂದು ಕಡ್ಡಿ, ಅರೆಗೆ ಎರಡು.
ಯಾರಿಗೆ ತೋರಿಸ್ಲಿಕ್ಕೆ ಅಮ್ಮ ಇದು?
ಯಾರಿಗೂ ಅಲ್ಲ ಮಗಾ. ನನಗೆ ಮರೀಬಾರ್ದಲ್ಲ.

ಹದಿನೈದು ಬೇಸಿಗೆಯ ಹಿಂದೆ ನಾನು ಟೈಂಕೀಪರ್.
ಫೋರ್‌ಮನ್ ಹೇಳಿದ್ದನ್ನು ಕಾಲಮಿನಲ್ಲಿ ಬರೆದೆ.
ಬಿಡುವಿನ ಮೂರು ತಾಸಿನಲ್ಲಿ ಎಷ್ಟು ದುಡಿದರೆಂದು ಅಂಚಿನಲ್ಲಿ.
ಪೋರ್ಟಾಕ್ಯಾಬಿನ್ನಿನ ಕಿಟಕಿಯಿಂದ ಎಲ್ಲ ಕಾಣುತ್ತಿತ್ತು:
ಸರಳು ಸುಡುವುದಕ್ಕೆ ಗೋಣಿ ಸುತ್ತಿಕೊಂಡ ಕೈಗಳು,
ಪಾಯಿಖಾನೆಗೆಂದು ಹೋಗಿ
ನೀರಿನ ಟ್ಯಾಂಕರಿನಡಿ ನುಸುಳಿದ ಸೊಹ್ರಾಬ್ ಮಿಯಾ,
ಬೆಕ್ಕಿನ ಪಕ್ಕ ಬೆಕ್ಕಿನ ಹಾಗೆ.
ಆಗಸ್ಟ್ ಒಂಬತ್ತಕ್ಕೆ ಅವನ ಅಂಚಿನಲ್ಲಿ ಅಂಕಿ ಇಲ್ಲ,
ಒಂದು ಅಡ್ಡಗೀಟು, ಮೊನೆ ಮುರಿಯುವಷ್ಟು ಒತ್ತಿ.
ಕಾಲಮಿನಲ್ಲಿ ಮಾತ್ರ ಅವನು ಅಂದೂ
ಮೂರೂವರೆಗೆ ಸರಿಯಾಗಿ ಕೆಲಸಕ್ಕೆ ಮರಳಿದ್ದಾನೆ.

ಅಂಶ ಏಳು: ದಾಖಲೆಗಳ ವಿಶ್ವಾಸಾರ್ಹತೆ.
ಎಷ್ಟು ಕೊಡಲಿ ಮಾರಾಯರೇ, ಯಾರಿಗೆ ಕೊಡಲಿ?
ನಮೂನೆಯ ಮೊದಲ ಹಾಳೆ ತಿರುಗಿಸಿದೆ. ಕಳೆದ ವಾರವೇ
ಚಹಾ ಕುಡಿಯುತ್ತ ಟಿಕ್ ಹಾಕಿದ ಸಾಲು:
ಮೌಲ್ಯಮಾಪಕರಿಗೆ ಈ ಅಧ್ಯಯನದ ವಿಷಯದೊಡನೆ
ಯಾವುದೇ ಸಂಬಂಧವಿದೆಯೇ? ಇಲ್ಲ.

ಭಾಷೆಯ ಏಳನ್ನು ಹೊಡೆದು ಹತ್ತು ಮಾಡಿದೆ.
ಅಡಿಟಿಪ್ಪಣಿಯ ಬದಿಗೆ ಬರೆದೆ:
ರಯ್ಯಾ, ಇವು ಗೀಚಲ್ಲ, ಗಂಟೆಗಳು.
ಓದಲು ಬರುವವನೊಬ್ಬ ರುವಿಯಲ್ಲೇ ಇದ್ದಾನೆ,
ಹೆಸರು ವಾಮನ ಕರ್ಕೇರ. ಅವನನ್ನು ಪ್ರಶ್ನಿಸದೆ
ಈ ಅಧ್ಯಾಯ ಮುಗಿಸಬೇಡ.

ಬರೆದು ಮುಗಿದ ಮೇಲೆ ನೋಡುತ್ತೇನೆ,
ಅಂಚಿನಲ್ಲೇ ಬರೆದಿದ್ದೇನೆ. ಕೈಯಲ್ಲಿ ಪೆನ್ಸಿಲ್.

ಡ್ರಾಯರು ಜಾಲಾಡುತ್ತಿದ್ದೇನೆ,
ಇಲ್ಲೇ ಎಲ್ಲೋ ಒಂದು ಪೆನ್ನಿರಬೇಕು.